ಅಡಿಟಿಪ್ಪಣಿಗೆ ಎಟುಕದ ಸತ್ಯ

ಕೆನಡಾದ ಕಾದಂಬರಿಕಾರ ಮಾರ್ಡೆಕೈ ರಿಚ್ಲರ್ (1931–2001) ಅವರ ಕೊನೆಯ ಕಾದಂಬರಿ ‘ಬಾರ್ನೀಸ್ ವರ್ಷನ್’ 1997ರಲ್ಲಿ ಪ್ರಕಟವಾಗಿ, ಅದೇ ವರ್ಷ ಆ ದೇಶದ ಗಿಲ್ಲರ್ ಪ್ರಶಸ್ತಿಗೆ ಪಾತ್ರವಾಯಿತು. ಮಾಂಟ್ರಿಯಲ್ ನಗರದ ಯಹೂದಿ ಬಾರ್ನಿ ಪನೋಫ್‌ಸ್ಕಿ ಇದರ ನಾಯಕ. ನಾಯಕನೆನ್ನಲು ನಾಲಗೆ ಹಿಂಜರಿಯುತ್ತದೆ. ವಯಸ್ಸು ಅರವತ್ತೇಳು, ಕುಡುಕ, ಕಟುಭಾಷಿ, ಕೀಳೆಂದು ತಾನೇ ಬಲ್ಲ ದೂರದರ್ಶನ ಕಾರ್ಯಕ್ರಮಗಳಿಂದ ಹಣ ಗಳಿಸಿದವನು. ಹಳೆಯ ಪರಿಚಯದ ಲೇಖಕನೊಬ್ಬನು ಆತ್ಮಕಥೆಯಲ್ಲಿ ಹೊರಿಸಿದ ಅಪವಾದಗಳಿಗೆ ಉತ್ತರವಾಗಿ ಅವನು ತನ್ನ ಬಾಳನ್ನು ಬರೆಯತೊಡಗುತ್ತಾನೆ. ಮೂರು ಮದುವೆಗಳಿಗೆ ಮೂರು ಭಾಗಗಳು.

ಅವನ ಮೇಲಿನ ಅಪವಾದಗಳಲ್ಲಿ ಘೋರವಾದುದು ಕೊಲೆಯದು. ಎರಡನೆಯ ಹೆಂಡತಿಯೊಡನೆ ಹಾಸಿಗೆಯಲ್ಲಿ ಸಿಕ್ಕಿಬಿದ್ದ ಆಪ್ತಮಿತ್ರ ಬೂಗಿ, ಅದೇ ದಿನ ಸರೋವರದ ದಡದಿಂದ ಕಣ್ಮರೆಯಾದನು. ಶವ ದೊರೆಯಲಿಲ್ಲ. ನ್ಯಾಯಾಲಯ ಬಾರ್ನಿಯನ್ನು ಬಿಟ್ಟಿತು, ಲೋಕ ಬಿಡಲಿಲ್ಲ.

ಕಾದಂಬರಿಯ ಜೀವಾಳವಿರುವುದು ಅದರ ತಂತ್ರದಲ್ಲಿ. ತಂದೆಯ ಬರಹಕ್ಕೆ ಮಗ ಮೈಕೆಲ್ ಅಡಿಟಿಪ್ಪಣಿ ಬರೆದು ಹೆಸರು, ಇಸವಿಗಳನ್ನು ತಿದ್ದುತ್ತಾನೆ. ಸ್ಪಗೆಟಿ ಬಸಿಯುವ ಪಾತ್ರೆಯ ಹೆಸರು ಹೊಳೆಯದೆ ಮುದುಕ ಒದ್ದಾಡುವಾಗ ಓದುಗನಿಗೆ ನಗು ಬರುತ್ತದೆ. ಅದು ಮರೆವಿನ ರೋಗದ ಮೊದಲ ಲಕ್ಷಣವೆಂದು ತಿಳಿದಾಗ, ನಕ್ಕದ್ದಕ್ಕೆ ಅವನೇ ನಾಚಬೇಕಾಗುತ್ತದೆ. ಹಾಸ್ಯದ ಒಡಲಲ್ಲಿಯೇ ಕರುಣವನ್ನಿರಿಸುವ ಈ ಕೌಶಲ ಸಾಮಾನ್ಯವಾದುದಲ್ಲ.

ದೋಷಗಳಿಲ್ಲವೆಂದಲ್ಲ. ಎರಡನೆಯ ಹೆಂಡತಿಗೆ ಕೃತಿಯುದ್ದಕ್ಕೂ ಸ್ವಂತ ಹೆಸರೇ ಇಲ್ಲ. ಅದು ಬಾರ್ನಿಯ ತಿರಸ್ಕಾರವೆಂದು ಸಮರ್ಥಿಸಬಹುದು. ಆದರೆ ಅವಳ ನೋವಿಗೆ ಕಾದಂಬರಿಕಾರರೂ ಕಿವಿಗೊಟ್ಟಿಲ್ಲವೆಂಬುದು ಮರೆಯಾಗದು. ಬಾರ್ನಿ ತಾನು ಪ್ರಾಣವೆಂದು ಪ್ರೀತಿಸಿದ ಮೂರನೆಯ ಹೆಂಡತಿ ಮಿರಿಯಂಳನ್ನು ಕಳೆದುಕೊಂಡದ್ದು ತನ್ನದೇ ದ್ರೋಹದಿಂದ. ಅಲ್ಲಿ ಮಾತ್ರ ಲೇಖನಿ ಅವನನ್ನು ಮನ್ನಿಸುವುದಿಲ್ಲ.

ಕೊನೆಗೆ ಬೂಗಿಯ ಅಸ್ಥಿಗಳು ಸರೋವರದಿಂದ ದೂರದ ಬೆಟ್ಟದ ಮೇಲೆ ದೊರೆಯುತ್ತವೆ. ಆಗಲೂ ತಂದೆಯನ್ನು ನಂಬಿದವಳು ಮಗಳು ಕೇಟ್ ಒಬ್ಬಳೇ. ಕಾಡುಗಿಚ್ಚು ನಂದಿಸುವ ವಿಮಾನವೊಂದು ಸರೋವರದ ನೀರನ್ನು ಮೊಗೆದೊಯ್ದು ಬೆಟ್ಟದ ಮೇಲೆ ಸುರಿಯುವುದನ್ನು ಕಂಡಾಗ ಮೈಕೆಲ್‌ಗೆ ನಿಜ ಹೊಳೆಯುತ್ತದೆ. ಆ ವೇಳೆಗೆ ಬಾರ್ನಿಯ ಬುದ್ಧಿ ಪೂರ್ಣವಾಗಿ ನಂದಿದೆ. ಕ್ಷಮೆ ಕೇಳಿದರೂ ಅರಿಯಲಾರ.

ಸಣ್ಣ ವಿಷಯಗಳಲ್ಲಿ ನೂರು ಬಾರಿ ತಪ್ಪಿದವನು ದೊಡ್ಡ ವಿಷಯದಲ್ಲಿ ನಿಜವನ್ನೇ ನುಡಿದಿದ್ದನು. ಇಸವಿಗಳನ್ನು ತಿದ್ದಿದ ಮಗ ಮನುಷ್ಯನನ್ನು ಓದುವಲ್ಲಿ ತಪ್ಪಿದನು. ಕೆಟ್ಟವನೆಂಬ ಕಾರಣಕ್ಕೇ ಒಬ್ಬನನ್ನು ಸುಳ್ಳುಗಾರನೆಂದು ತೀರ್ಮಾನಿಸುವವರು ಈ ನಗೆಯ ಕೃತಿಯನ್ನು ಗಂಭೀರವಾಗಿ ಓದಬೇಕು.