ಸಾವಿನ ಮನೆಯಲ್ಲಿ ಹಾಡಕ್ಕಾಗದ ಸ್ತುತಿ

ಹೋದ ತಿಂಗಳು ಒಂದು ಸಾವಿನ ಮನೆಗೆ ಹೋಗಿದ್ದೆ. ಚಿಕ್ಕ ವಯಸ್ಸು, ಬೆಳಗ್ಗೆ ಕೆಲಸಕ್ಕೆ ಹೋದವನು ವಾಪಸ್ ಬರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಪಾಸ್ಟರ್ ಬರೋದು ತಡವಾಯ್ತು. ಯಾರೋ ಹಿರಿಯರು ‘ಅಲ್ಲೀವರೆಗೆ ಒಂದು ಹಾಡು ಹೇಳ್ರಪ್ಪಾ’ ಅಂದರು. ನಮ್ಮ ಸಭೆಯ ವರ್ಷಿಪ್ ಟೀಮಿನ ಹುಡುಗರು ಅಲ್ಲೇ ಇದ್ದರು. ಒಳ್ಳೆಯ ಹುಡುಗರು. ಫೋನ್ ತೆಗೆದು ಹಾಡಿನ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದರು, ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ಬರುವ ಅಷ್ಟೊಂದು ಹಾಡುಗಳಲ್ಲಿ ಅಲ್ಲಿ ಹಾಡಬಹುದಾದ್ದು ಒಂದೂ ಸಿಗಲಿಲ್ಲ. ಎಲ್ಲವೂ ಜಯದ ಹಾಡು, ಚಪ್ಪಾಳೆ ಹಾಡು. ಕೊನೆಗೆ ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಒಬ್ಬರು ಹಳೇ ಸಂಗೀತ ಪುಸ್ತಕದ ಹಾಡೊಂದನ್ನು ಎತ್ತಿಕೊಂಡರು. ದನಿ ಒಡೆದಿತ್ತು, ಶ್ರುತಿ ಎಲ್ಲೋ ಹೋಗಿತ್ತು. ಆದರೂ ಆ ಹೆಂಡತಿ ಮೊದಲ ಸಲ ಬಾಯಿ ತೆರೆದು ಜೊತೆಗೆ ಹಾಡಿದಳು, ಅತ್ತಳು.

ಹುಡುಗರನ್ನು ಬೈಯೋಕೆ ಇದನ್ನು ಬರೀತಿಲ್ಲ. ಅವರ ಕೈಗೆ ನಾವು ಕೊಟ್ಟಿರೋ ಹಾಡುಗಳ ಬಗ್ಗೆ ಬರೀತಿದ್ದೇನೆ.

‘ಸ್ತುತಿ ಆರಾಧನೆ’ ಅಂದ್ರೆ ಈಗ ಬಹಳ ಸಭೆಗಳಲ್ಲಿ ಪ್ರಸಂಗಕ್ಕೆ ಮುಂಚಿನ ಅರ್ಧ ಗಂಟೆ. ಕೀಬೋರ್ಡ್ ಮೆಲ್ಲಗೆ ಶುರುವಾಗುತ್ತೆ, ಡ್ರಮ್ ಏರುತ್ತೆ, ಲೀಡರ್ ‘ಕೈ ಎತ್ತಿ’ ಅಂತಾರೆ. ಹಾಡಿನ ತುಂಬ ‘ನಾನು’. ನಾನು ಸ್ತುತಿಸುವೆ, ನಾನು ಕುಣಿಯುವೆ, ನಾನು ಜಯಿಸುವೆ. ದೇವರು ಏನು ಮಾಡಿದ, ಯಾರಿಗೆ ಮಾಡಿದ ಅನ್ನೋದು ಕಡಿಮೆ. ನನಗೆ ಹೇಗನ್ನಿಸ್ತಿದೆ ಅನ್ನೋದೇ ಜಾಸ್ತಿ. ಹಾಗನ್ನಿಸದವನು ಅಲ್ಲಿ ಏನು ಮಾಡಬೇಕು? ಸಾಲ ತೀರದವನು, ಮಗುವಿನ ಜ್ವರ ಇಳಿಯದ ತಾಯಿ? ಅವರೂ ಕೈ ಎತ್ತುತ್ತಾರೆ, ಪಕ್ಕದವರು ನೋಡ್ತಾರಲ್ಲ ಅಂತ.

ಬೈಬಲ್ಲಿನ ಕೀರ್ತನೆಗಳನ್ನು ತೆಗೆದು ನೋಡಿ. ಒಟ್ಟು 150. ಇಬ್ರಿಯ ಭಾಷೆಯಲ್ಲಿ ಆ ಪುಸ್ತಕದ ಹೆಸರು ತೆಹಿಲ್ಲಿಮ್, ಅಂದರೆ ಸ್ತುತಿಗಳು. ಆದರೆ ಅದರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಗೋಳಿನ ಹಾಡುಗಳೇ. 13ನೆಯ ಕೀರ್ತನೆ ‘ಇನ್ನೂ ಎಷ್ಟು ದಿನ’ ಅಂತ ದೇವರನ್ನೇ ಕೇಳುತ್ತೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಅದನ್ನೂ ‘ಸ್ತುತಿಗಳು’ ಅನ್ನೋ ಪುಸ್ತಕದೊಳಗೆ ಇಟ್ಟಿದ್ದಾರೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತು, ಅದೂ ಗೋಳೇ. ಅವರಿಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದ ಹಾಡು ನಮ್ಮ ಪಟ್ಟಿಯಲ್ಲಿಲ್ಲ.

ಇನ್ನೊಂದು ತೊಂದರೆ ಭಾಷೆಯದ್ದು. ಎಷ್ಟೋ ಹಾಡುಗಳು ಇಂಗ್ಲಿಷ್, ತಮಿಳು, ಹಿಂದಿ ರಾಗಗಳಿಗೆ ಕನ್ನಡ ಪದ ತುಂಬಿಸಿದವು. ಕನ್ನಡದಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಕೆಡುತ್ತೆ. ರಾಗ ಎಳೀತು ಅಂತ ‘ಬಲ’ವನ್ನು ಎಳೆದರೆ ಅದು ‘ಬಾಲ’ ಆಗುತ್ತೆ. ದೇವರು ನನ್ನ ಬಾಲ ಅಂತ ಸಭೆಯೆಲ್ಲ ಕಣ್ಣು ಮುಚ್ಚಿ ಹಾಡೋದನ್ನ ನಾನೇ ಕೇಳಿದ್ದೇನೆ. ಮಕ್ಕಳು ಮಾತ್ರ ನಕ್ಕವು, ಅವು ಕೇಳಿಸಿಕೊಳ್ತಿದ್ದವು.

ಹಾಗಂತ ಹಳೇದೆಲ್ಲ ಚಿನ್ನ ಅಂತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನ್ ರಾಗಗಳಿಗೂ ಕನ್ನಡ ಕೂಡಿಸಿದರು. ಅಲ್ಲೂ ಪದಗಳು ಒದ್ದಾಡಿವೆ. ಅವರಲ್ಲೇ ಒಬ್ಬರಾದ ಕಿಟೆಲ್ ಮಾತ್ರ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹೇಳಿದರು. ಆಮೇಲೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಅಚ್ಚು ಹಾಕಿಸಿದರು. ಹೊರಗಿಂದ ಬಂದವರು ಕನ್ನಡದ ಲಯವನ್ನು ಅಷ್ಟು ಕಷ್ಟಪಟ್ಟು ಕಲಿತರು. ಇಲ್ಲೇ ಹುಟ್ಟಿದ ನಮಗೆ ಯಾಕೆ ಬೇಡವಾಯ್ತು?

ಹೊಸ ಹಾಡುಗಳ ಪರವಾಗಿಯೂ ಹೇಳಬೇಕು. ಓದಲು ಬಾರದ ಎಷ್ಟೋ ಹೆಂಗಸರು ಹಳೇ ಪುಸ್ತಕದ ಗಟ್ಟಿ ಸಂಸ್ಕೃತ ಪದಗಳ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಎರಡೇ ಸಾಲಿನ ಹಾಡು ಅವರ ಬಾಯಿಗೆ ಬಂತು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡೋದೂ ತಪ್ಪಲ್ಲ, ನಮ್ಮ ಭಜನೆಯೂ ಹಾಗೇ ಅಲ್ವಾ? ಪ್ರಶ್ನೆ ಇರೋದು ಆ ಎರಡು ಸಾಲಲ್ಲಿ ಏನಿದೆ ಅನ್ನೋದು. ಯಾಕಂದ್ರೆ ಸೋಮವಾರ ಸೊಪ್ಪು ಬಿಡಿಸುವಾಗ, ಬಸ್ಸಿಗೆ ಕಾಯುವಾಗ, ಆಸ್ಪತ್ರೆಯ ಬೆಂಚಿನ ಮೇಲೆ, ಅಲ್ಲೆಲ್ಲ ಕೀಬೋರ್ಡ್ ಇರಲ್ಲ. ಉಳಿಯೋದು ಆ ಸಾಲು ಮಾತ್ರ. ಪೌಲ, ಸೀಲರು ಬೆನ್ನಿಗೆ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು ಅಂತ ಅಪೊಸ್ತಲರ ಕೃತ್ಯಗಳು ಹೇಳುತ್ತೆ. ಉಳಿದ ಕೈದಿಗಳು ಕೇಳುತ್ತಿದ್ದರಂತೆ. ಅಲ್ಲಿ ಯಾವ ಟೀಮೂ ಇರಲಿಲ್ಲ.

ನಮ್ಮ ಟೀಮಿನ ಹುಡುಗರ ಜೊತೆ ಕೂತು ಮಾತಾಡಿದೆ. ಎರಡೇ ವಿಷಯ ಕೇಳಿಕೊಂಡೆ. ಹೊಸ ಹಾಡು ಕಲಿಯೋ ಮುಂಚೆ ರಾಗ ಬಿಟ್ಟು ಒಮ್ಮೆ ಜೋರಾಗಿ ಓದಿ, ಕನ್ನಡ ಅನ್ನಿಸಿದರೆ ಮಾತ್ರ ಹಾಡಿ. ಭಾನುವಾರದ ನಾಲ್ಕು ಹಾಡಲ್ಲಿ ಒಂದಾದರೂ ಅಳುವವರಿಗೂ ಹಾಡಕ್ಕಾಗುವಂಥದ್ದಿರಲಿ. ಒಬ್ಬ ಹುಡುಗ ಕೇಳಿದ, ‘ಅಂಕಲ್, ಆವತ್ತು ಆ ಅಜ್ಜಿ ಹಾಡಿದ್ರಲ್ಲ, ಅದರ ನಂಬರ್ ಎಷ್ಟು?’ ನನಗೂ ಗೊತ್ತಿರಲಿಲ್ಲ. ಬರುವ ಭಾನುವಾರ ಇಬ್ಬರೂ ಅವರ ಮನೆಗೆ ಹೋಗ್ತಿದ್ದೇವೆ.