ಸುಂಕದ ಭಯ, ಚೀಲದ ತೂತು

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಭೀಮೆಯನ್ನು ದಾಟಿ ಶಹಾಪುರವನ್ನು ಸಮೀಪಿಸಿದಾಗ, ಪಕ್ಕದಲ್ಲಿ ಹೊಸಬರಿದ್ದರೆ ನಮ್ಮ ಸೀಮೆಯವರು ಬೆಟ್ಟದ ಕಡೆಗೆ ಬೆರಳು ಮಾಡಿ ತೋರಿಸುತ್ತಾರೆ. ಬಂಡೆಗಳ ಸಾಲಿನಲ್ಲಿ ತಾನಾಗಿ ಮೂಡಿದ, ಅಂಗಾತ ಮಲಗಿದ ಬುದ್ಧನ ಆಕೃತಿ ಅದು. ಬುದ್ಧನ ಬೋಧೆಯಲ್ಲಿ 'ಸತಿ' ಎಂಬ ಪಾಳಿ ಮಾತೊಂದುಂಟು. ಎಚ್ಚರದ ನೆನಪು ಎಂದು ಅದರ ಅರ್ಥ. ರೈಸ್ ಡೇವಿಡ್ಸ್ ೧೮೮೧ರಲ್ಲಿ ಅದನ್ನು 'ಮೈಂಡ್‌ಫುಲ್‌ನೆಸ್' ಎಂದು ಇಂಗ್ಲಿಷಿಗೆ ತಂದರು. ೧೯೭೯ರಲ್ಲಿ ಜಾನ್ ಕಬಟ್-ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ರೋಗಿಗಳ ಒತ್ತಡ, ನೋವುಗಳ ಶಮನಕ್ಕೆ ಅದನ್ನು ಬಳಸತೊಡಗಿದರು. ಇಂದು ಆ ಮಾತು ಪುಸ್ತಕದಂಗಡಿಗಳಲ್ಲೆಲ್ಲ ಕಾಣುತ್ತದೆ. ನಿನಗೆ ನೀನೇ ಅಡ್ಡಿ, ಮನಸ್ಸನ್ನು ಸುಮ್ಮನಿರಿಸು, ಏಳಿಗೆ ತಾನಾಗಿ ಬರುತ್ತದೆ ಎಂಬುದು ಆ ಪುಸ್ತಕಗಳ ಒಟ್ಟು ಸಾರ.

ಈ ಮಾತನ್ನು ಒರೆಗೆ ಹಚ್ಚಲು ಬಹುದೂರ ಹೋಗಬೇಕಾಗಿಲ್ಲ. ಅದೇ ಬಸ್ಸು ಮುಟ್ಟುವ ಸುರಪುರದ ಸೀಮೆಯಲ್ಲಿ ಮುದನೂರು ಇದೆ. ನೇಕಾರ ವಚನಕಾರ ದೇವರ ದಾಸಿಮಯ್ಯನ ಊರು. ಅವನು ಬಸವಣ್ಣನಿಗಿಂತ ಹಿಂದಿನವನು. ಆ ಊರ ರಾಮನಾಥನೇ ಅವನ ವಚನಗಳ ಅಂಕಿತ. ಜೇಡರ ದಾಸಿಮಯ್ಯನೂ ಇವನೂ ಒಬ್ಬನೇ ಹೌದೋ ಅಲ್ಲವೋ ಎಂದು ವಿದ್ವಾಂಸರಲ್ಲಿ ವಾದವುಂಟು. ಅದು ಇಲ್ಲಿ ಬೇಡ. ಎ. ಕೆ. ರಾಮಾನುಜನ್ ೧೯೭೩ರ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ಜೊತೆಗೆ ನಾಲ್ಕನೆಯವನಾಗಿ ಇವನನ್ನೇ ಆರಿಸಿಕೊಂಡರೆಂಬುದು ಅವನ ಕಾವ್ಯಶಕ್ತಿಗೆ ಸಾಕ್ಷಿ.

ಅವನ ಒಂದು ಪುಟ್ಟ ವಚನದ ಕಥೆ ಹೀಗಿದೆ. ಒಬ್ಬಾತ ತೂತುಬಿದ್ದ ಚೀಲದಲ್ಲಿ ಭತ್ತ ತುಂಬಿಕೊಂಡು, ಸುಂಕ ಕೊಡಬೇಕಾದೀತೆಂದು ಹೆದರಿ ರಾತ್ರಿಯೆಲ್ಲ ನಡೆಯುತ್ತಾನೆ. ಕೊನೆಗೆ ಕಾಳೆಲ್ಲ ಸೋರಿಹೋಗಿ ಬರಿಯ ಚೀಲ ಉಳಿಯುತ್ತದೆ. ಅಳಿಮನದವನ ಭಕ್ತಿಯ ಗತಿ ಇದೇ ಎಂದು ವಚನ ಮುಗಿಯುತ್ತದೆ.

ಈ ವಚನದ ಸೊಗಸು ಅದು ಹೇಳದೆ ಬಿಟ್ಟುದರಲ್ಲಿದೆ. ಸುಂಕದವನು ಎಲ್ಲಿಯೂ ಕಾಣಿಸಿಕೊಳ್ಳುವುದೇ ಇಲ್ಲ. ಯಾರೂ ಆತನನ್ನು ತಡೆಯಲಿಲ್ಲ, ಯಾರೂ ಒಂದು ಹಿಡಿ ಕಾಳು ಕೇಳಲಿಲ್ಲ. ಸುಂಕಕ್ಕಾದರೆ ಒಂದು ಪಾಲು ಹೋಗುತ್ತಿತ್ತು. ಭಯಕ್ಕೆ ಇಡೀ ಚೀಲವೇ ಹೋಯಿತು. ಆತ ಸೋಮಾರಿಯೂ ಅಲ್ಲ, ರಾತ್ರಿಯೆಲ್ಲ ನಡೆದಿದ್ದಾನೆ. ಕಣ್ಣು ಮಾತ್ರ ಮುಂದಿನ ಸುಂಕದ ಕಟ್ಟೆಯ ಮೇಲೆ; ಹೆಗಲ ಮೇಲಿನ ಚೀಲ ಹಗುರಾಗುತ್ತಿರುವುದು ಹೆಗಲಿಗೇ ತಿಳಿಯಲಿಲ್ಲ. ಬಸವಣ್ಣನು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಿದ. ಅಲ್ಲಿ ಚಾಂಚಲ್ಯ ಕಣ್ಣಿಗೆ ಕಾಣುತ್ತದೆ. ದಾಸಿಮಯ್ಯನ ಮನಸ್ಸು ಸದ್ದಿಲ್ಲದೆ ಸೋರುತ್ತದೆ. ಹಾರುವುದನ್ನು ಹಿಡಿಯಬಹುದು, ಸೋರುವುದನ್ನು ಮೊದಲು ಅರಿಯಬೇಕು. ಆತ್ಮನಿಗ್ರಹಕ್ಕಿಂತ ಅರಿವು ಮುಂದೆ ಎಂಬ ಮಾತನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ವಿರಳ.

ಹಾಗಾದರೆ ಕಣ್ಣು ಮುಚ್ಚಿ ಕುಳಿತರೆ ಸಾಕೆ? ದಾಸಿಮಯ್ಯನಿಗೆ ಅಷ್ಟು ಸುಲಭದ ನಂಬಿಕೆ ಇಲ್ಲ. ಸಟೆಯ ಭಕ್ತಿಯನ್ನು ಅವನು ಮಠದ ಬೆಕ್ಕಿಗೆ ಹೋಲಿಸುತ್ತಾನೆ: ಇಲಿ ಕಂಡೊಡನೆ ಅದು ಪುಟನೆಗೆಯುತ್ತದೆ. ಇಲಿ ಬರುವವರೆಗಿನ ಶಾಂತಿ ಶಾಂತಿಯಲ್ಲವೆಂದು ಇದರಿಂದ ತಿಳಿಯಬೇಕು. ಇನ್ನೊಂದು ವಚನದಲ್ಲಿ ಮಗ್ಗದ ಕೆಲಸವನ್ನು ಒಂದೊಂದಾಗಿ, ಲಾಳಿಯವರೆಗೆ, ಹೇಳುತ್ತ ಬಂದು, ಈ ಸೀರೆ ನೆಯ್ದವನು ನಾನೋ ನೀನೋ ಎಂದು ರಾಮನಾಥನನ್ನೇ ಕೇಳುತ್ತಾನೆ. ಇಲ್ಲಿ 'ನಾನು' ಸುಮ್ಮನಾದದ್ದು ಕೆಲಸ ಬಿಟ್ಟಿದ್ದರಿಂದಲ್ಲ, ಕೆಲಸದಲ್ಲಿ ಕಣ್ಣಿಟ್ಟಿದ್ದರಿಂದ. ಎಳೆ ಹರಿದರೆ ನೇಕಾರ ತನ್ನನ್ನು ಹಳಿದುಕೊಳ್ಳುತ್ತ ಕೂರುವುದಿಲ್ಲ. ಗಂಟು ಹಾಕಿ ಮುಂದುವರಿಯುತ್ತಾನೆ. ಮನಸ್ಸಿನ ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈ ಸುಂಕದ ವಚನವನ್ನು ನಾನು ಹಲವು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೆ ಅದರ ಅರ್ಥ ನನಗಾದದ್ದು ಒಬ್ಬ ವಿದ್ಯಾರ್ಥಿಯಿಂದ. ಚೆನ್ನಾಗಿ ಓದುವ ಹುಡುಗ. ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿಯ ಕೊನೆಯ ದಿನ ಮುಗಿದ ಮೇಲೆ, ಹಾಕಿದೆಯೇನಪ್ಪಾ ಎಂದು ಕೇಳಿದೆ. "ಇಲ್ರಿ ಸರ್. ಹಾಕಿದ್ರೂ ನಮ್ಮ ಕಡೆಯವರಿಗೆ ಎಲ್ಲಿ ಸಿಗ್ತದರಿ" ಎಂದ. ಯಾರೂ ಅವನಿಗೆ ಇಲ್ಲವೆಂದಿರಲಿಲ್ಲ. ಅವನೇ ಕತ್ತಲಲ್ಲಿ ಸುತ್ತುದಾರಿ ಹಿಡಿದಿದ್ದ.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸುಂಕದ ಕಟ್ಟೆ ಬರಿಯ ಭ್ರಮೆಯಲ್ಲ. ನಮ್ಮ ಭಾಗ ಹಿಂದುಳಿದದ್ದು ದಿಟವಾದ್ದರಿಂದಲೇ ೨೦೧೨ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ೩೭೧ (ಜೆ) ವಿಧಿಯನ್ನು ಸೇರಿಸಿ, ಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲು ಕಲ್ಪಿಸಬೇಕಾಯಿತು. ಎಲ್ಲ ಅಡ್ಡಿಯೂ ನಿನ್ನ ಮನಸ್ಸಿನಲ್ಲೇ ಇದೆ ಎಂದು ಆ ಹುಡುಗನಿಗೆ ಬೋಧಿಸುವ ಪುಸ್ತಕ ಅವನ ದಾರಿಯ ಕಟ್ಟೆಗಳನ್ನು ಮರೆಮಾಚುತ್ತದೆ. ಅದು ಉಪದೇಶವಲ್ಲ, ಉಪೇಕ್ಷೆ. ದಾಸಿಮಯ್ಯ ಇಂಥ ತಪ್ಪು ಮಾಡುವುದಿಲ್ಲ. ಸುಂಕವಿಲ್ಲವೆಂದು ಅವನು ಹೇಳಲಿಲ್ಲ. ಭಯವು ಸುಂಕಕ್ಕಿಂತ ಹೆಚ್ಚು ಕಸಿಯುತ್ತದೆ ಎಂಬುದನ್ನು ಮಾತ್ರ ತೋರಿಸಿದ.

ಅವನನ್ನು ವ್ಯಕ್ತಿತ್ವವಿಕಾಸದ ಗುರುವನ್ನಾಗಿ ಮಾಡಲು ನಾನು ಹೊರಟಿಲ್ಲ. ಅವನ ಗುರಿ ಭಕ್ತಿ, ಏಳಿಗೆಯಲ್ಲ. ಒಡಲುಳ್ಳವನಿಗೆ ಹಸಿವೆಯೂ ಹುಸಿಯೂ ತಪ್ಪದು, ನೀನೊಮ್ಮೆ ಒಡಲು ಹೊತ್ತು ನೋಡು ಎಂದು ದೇವರಿಗೇ ಸವಾಲು ಹಾಕಿದ ಕವಿ, ಮನುಷ್ಯನನ್ನು ತಿದ್ದುವ ಮೊದಲು ಅವನ ಪರ ವಕಾಲತ್ತು ವಹಿಸುತ್ತಾನೆ. ಹೊಸ ಪುಸ್ತಕಗಳಲ್ಲಿ ನನಗೆ ಸಿಗದ ಗುಣ ಈ ಕರುಣೆಯೇ. ಕಟ್ಟೆಯ ಸುಂಕ ಅನ್ಯಾಯದ್ದಾದರೆ ಹಗಲಿನಲ್ಲಿ ಹೋಗಿ ಜಗಳವಾಡೋಣ. ಅದಕ್ಕೆ ಮೊದಲು ಚೀಲವನ್ನು ಕೆಳಗಿಳಿಸಿ, ತೂತು ಎಲ್ಲಿದೆಯೆಂದು ನೋಡಿ ಹೊಲಿದುಕೊಳ್ಳೋಣ. ಆ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ. ಈ ವರ್ಷ ಅವನು ಅರ್ಜಿ ಹಾಕಿದ್ದಾನೆ.