ತಪ್ಪಿಗೆ ಜಾಗವಿಲ್ಲದ ಲ್ಯಾಬ್ ರೆಕಾರ್ಡ್

ನಮ್ಮ ಪಾಲಿಟೆಕ್ನಿಕ್‌ಗಳ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದಲ್ಲಿ ಯಾರು ಎಷ್ಟು ಪ್ರೋಗ್ರಾಮಿಂಗ್ ಕಲಿತರು ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುದು ಲ್ಯಾಬ್ ರೆಕಾರ್ಡ್. ಗೆರೆ ಹಾಕಿದ ಬಲಪುಟದಲ್ಲಿ ಪ್ರೋಗ್ರಾಂ, ಖಾಲಿ ಎಡಪುಟದಲ್ಲಿ ಔಟ್‌ಪುಟ್, ಮೇಲೆ ಕ್ರಮಸಂಖ್ಯೆ ಮತ್ತು ದಿನಾಂಕ, ಕೆಳಗೆ ಉಪನ್ಯಾಸಕರ ಸಹಿ. ಸೆಮಿಸ್ಟರ್ ಮುಗಿಯುವಾಗ ಅದು ಪೂರ್ತಿಯಾಗಿರಬೇಕು, ಚೊಕ್ಕವಾಗಿರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳು ಅದನ್ನು ಶ್ರದ್ಧೆಯಿಂದಲೇ ಬರೆಯುತ್ತಾರೆ. ಆದರೆ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರೂ ಒಂದು ಎರರ್ ಕಾಣಸಿಗುವುದಿಲ್ಲ. ಎಲ್ಲ ಪ್ರೋಗ್ರಾಮೂ ಸರಿ, ಎಲ್ಲ ಔಟ್‌ಪುಟ್ಟೂ ಸರಿ. ಪ್ರೋಗ್ರಾಮರ್ ಆದವರ ದಿನದ ದೊಡ್ಡ ಪಾಲು ಕಳೆಯುವುದು ಓಡದ ಪ್ರೋಗ್ರಾಮಿನ ಎದುರು ಕೂತು, ಅದು ಯಾಕೆ ಓಡುತ್ತಿಲ್ಲ ಎಂದು ಹುಡುಕುವುದರಲ್ಲಿ. ಆ ಕೆಲಸಕ್ಕೆ ರೆಕಾರ್ಡಿನಲ್ಲಿ ಜಾಗವಿಲ್ಲ, ಹಾಗಾಗಿ ಅಂಕವೂ ಇಲ್ಲ. ಅಂಕವಿಲ್ಲದ್ದನ್ನು ಕಲಿಸಲು ಹೊತ್ತೂ ಸಿಗುವುದಿಲ್ಲ. ಪಠ್ಯಕ್ರಮ ಹಳೆಯದಾಯಿತು ಎಂದು ದೂರುವವರು ಬಹಳ. ಈ ಕೋರ್ಸಿನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಅದಲ್ಲ, ಇದು.

ಒಂದೇ ಒಂದು ಪುಟವನ್ನು ತೆಗೆದು ನೋಡೋಣ. ಫ್ಯಾಕ್ಟೋರಿಯಲ್ ಇಲ್ಲದ ಸಿ ಲ್ಯಾಬ್ ಅಪರೂಪ. ಔಟ್‌ಪುಟ್ ಪುಟದಲ್ಲಿ ಸಾಮಾನ್ಯವಾಗಿ ಇರುವುದು 5ರ ಫ್ಯಾಕ್ಟೋರಿಯಲ್, ಅಂದರೆ 1ರಿಂದ 5ರವರೆಗಿನ ಸಂಖ್ಯೆಗಳ ಗುಣಲಬ್ಧ, 120. ಉತ್ತರವನ್ನು ಪೂರ್ಣಾಂಕದ ಡೇಟಾ ಟೈಪ್ ಆದ ಇಂಟ್‌ನಲ್ಲಿ ಇಟ್ಟುಕೊಳ್ಳುವ ಅದೇ ಪ್ರೋಗ್ರಾಮಿಗೆ 8 ಕೊಟ್ಟರೆ ಏನಾಗುತ್ತದೆ? ನಮ್ಮ ಲ್ಯಾಬುಗಳಲ್ಲಿ ಬಹುಕಾಲ ಬೇರೂರಿದ್ದ, 1990ರ ದಶಕದ ಆರಂಭದ ಟರ್ಬೊ ಸಿ ಪ್ಲಸ್ ಪ್ಲಸ್‌ನಲ್ಲಿ 40320ರ ಬದಲು -25216 ಬರುತ್ತದೆ. ಅಲ್ಲಿ ಇಂಟ್‌ಗೆ ಸಿಗುವುದು 16 ಬಿಟ್. 32767 ದಾಟಿದ್ದು ಅದರಲ್ಲಿ ಹಿಡಿಯದೆ ಋಣಸಂಖ್ಯೆಯ ಕಡೆಗೆ ಹೊರಳುತ್ತದೆ. ಇಂದಿನ ಜಿಸಿಸಿ ಕಂಪೈಲರ್‌ನಲ್ಲಿ ಇಂಟ್‌ಗೆ ಸಾಮಾನ್ಯವಾಗಿ 32 ಬಿಟ್ ಇರುವುದರಿಂದ 12ರವರೆಗೆ ತೊಂದರೆಯಿಲ್ಲ. 13 ಕೊಟ್ಟಾಗ 6227020800 ಬರಬೇಕಾದಲ್ಲಿ 1932053504 ಬಂದು ಕೂರುತ್ತದೆ. ಈ ಎರಡನೆಯ ತಪ್ಪು ಹೆಚ್ಚು ಅಪಾಯದ್ದು. ಮೊದಲನೆಯದರಲ್ಲಿ ಮೈನಸ್ ಗುರುತಾದರೂ ಎಚ್ಚರಿಸುತ್ತದೆ. ಇದು ಥೇಟ್ ಸರಿಯುತ್ತರದ ಹಾಗೇ ಕಾಣುತ್ತದೆ. ಇದನ್ನು ಹಿಡಿಯಲು ಹೈಸ್ಕೂಲಿನ ಗಣಿತ ಸಾಕು: 13ರ ಫ್ಯಾಕ್ಟೋರಿಯಲ್‌ನಲ್ಲಿ 10 ಇದೆ, 5 ಇದೆ, 2 ಇದೆ, ಆದ್ದರಿಂದ ಕೊನೆಯಲ್ಲಿ ಎರಡು ಸೊನ್ನೆ ಬರಲೇಬೇಕು, 04ರಲ್ಲಿ ಮುಗಿಯುವ ಉತ್ತರ ಸರಿಯಾಗಿರಲಾರದು. ಅದೇ ಲೆಕ್ಕವನ್ನು ಪೈಥಾನ್‌ನಲ್ಲಿ ಮಾಡಿದರೆ ಸರಿಯಾಗಿಯೇ ಬರುತ್ತದೆ, ಯಾಕೆಂದರೆ ಪೂರ್ಣಾಂಕ ಬೆಳೆದಷ್ಟೂ ಅದು ಜಾಗ ಮಾಡಿಕೊಡುತ್ತದೆ. ಮೆಮೊರಿ, ಡೇಟಾ ಟೈಪ್, ಎರಡು ಭಾಷೆಗಳ ವ್ಯತ್ಯಾಸ, ಎಲ್ಲಕ್ಕಿಂತ ಮುಖ್ಯವಾಗಿ ಯಂತ್ರ ಕೊಟ್ಟ ಉತ್ತರವನ್ನು ಅನುಮಾನಿಸಿ ನೋಡುವ ಅಭ್ಯಾಸ, ಇವೆಲ್ಲ ಆ ಒಂದು ಪುಟದಲ್ಲಿವೆ. ಇನ್‌ಪುಟ್ 5ಕ್ಕೆ ನಿಂತುಬಿಟ್ಟದ್ದರಿಂದ ಅವು ಯಾವುವೂ ವಿದ್ಯಾರ್ಥಿಗೆ ಸಿಗುವುದಿಲ್ಲ.

ವೃತ್ತಿಶಿಕ್ಷಣದ ಬೇರೆ ವಿಭಾಗಗಳು ಹೀಗಿಲ್ಲ. ಐಟಿಐಯ ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ದೋಷ ಪತ್ತೆ ಕಲಿಕೆಯ ಭಾಗವೇ; ವೈರಿಂಗ್ ಮಾಡಲು ಬಂದು, ಎಲ್ಲಿ ಕೆಟ್ಟಿದೆ ಎಂದು ಹೇಳಲು ಬಾರದವರನ್ನು ಯಾರೂ ಎಲೆಕ್ಟ್ರಿಷಿಯನ್ ಎನ್ನುವುದಿಲ್ಲ. ಮೋಟಾರ್ ಮೆಕ್ಯಾನಿಕ್ ಕಲಿಯುವವರು ಮೊದಲು ಮಾಡುವ ಕೆಲಸಗಳಲ್ಲಿ ಬೇರೆಯವರು ಜೋಡಿಸಿದ ಎಂಜಿನ್ ಬಿಚ್ಚಿ ನೋಡುವುದೂ ಒಂದು. ಕಂಪ್ಯೂಟರ್ ವಿಭಾಗದಲ್ಲಿ ಮಾತ್ರ ಬೇರೆಯವರ ಪ್ರೋಗ್ರಾಂ ಬಿಚ್ಚಿ ಓದುವ ಅಭ್ಯಾಸವನ್ನು ನಾವು ಬೆಳೆಸಲಿಲ್ಲ. ಇದು ಹೊಸ ಮಾತೇನಲ್ಲ. 1971ರಲ್ಲೇ ಜೆರಾಲ್ಡ್ ವೈನ್‌ಬರ್ಗ್ ಪ್ರೋಗ್ರಾಮಿಂಗಿನ ಮನಶ್ಶಾಸ್ತ್ರ ಕುರಿತ ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನು ಪ್ರೋಗ್ರಾಂ ಓದುವುದಕ್ಕೇ ಮೀಸಲಿಟ್ಟರು. ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಇನ್ನೂ ಮುಂದೆ ಹೋಗಿ, ಪ್ರೋಗ್ರಾಮಿಂಗ್ ಎಂದರೆ ಸಾಲು ಬರೆಯುವುದಲ್ಲ, ಆ ಸಾಲುಗಳು ಹಾಗೇಕಿವೆ ಎಂಬ ತಿಳಿವಳಿಕೆಯನ್ನು ತಲೆಯಲ್ಲಿ ಕಟ್ಟಿಕೊಳ್ಳುವುದು ಎಂದು ವಾದಿಸಿದರು. ಕಂಪ್ಯೂಟರ್ ಚರಿತ್ರೆಯಲ್ಲಿ ಹೆಸರಾದ ಒಂದು ಲ್ಯಾಬ್ ಪುಟವೂ ತಪ್ಪಿನ ದಾಖಲೆಯೇ: 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕ ಪತಂಗವನ್ನು ಟೇಪಿನಿಂದ ಅಂಟಿಸಿದ ಆ ಪುಟ ಇವತ್ತು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ.

ಪರೀಕ್ಷೆಯೂ ರೆಕಾರ್ಡಿನ ಅಚ್ಚಿನದೇ. ಪಟ್ಟಿಯಲ್ಲಿರುವ ಪ್ರೋಗ್ರಾಂಗಳಲ್ಲಿ ಒಂದು ಚೀಟಿಯಲ್ಲಿ ಬರುತ್ತದೆ. ಅದನ್ನು ಹಾಳೆಯಲ್ಲಿ ಬರೆದು, ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ವೈವಾ ಮುಗಿಸಿದರೆ ಆಯಿತು. ಈ ಪದ್ಧತಿಯನ್ನು ಸಮರ್ಥಿಸುವ ಅಧ್ಯಾಪಕರ ಮಾತಿನಲ್ಲಿ ಹುರುಳಿದೆ. ತರಗತಿ ತುಂಬ ಮಕ್ಕಳು, ಕೆಟ್ಟು ನಿಂತ ಕಂಪ್ಯೂಟರುಗಳು, ಅರ್ಧ ದಿನದಲ್ಲಿ ಒಂದು ಬ್ಯಾಚ್ ಮುಗಿಸಬೇಕಾದ ಒತ್ತಡ. ಗೊತ್ತಿರುವ ಪಟ್ಟಿ ಇದ್ದರೆ ಹಳ್ಳಿಯ ಹುಡುಗಿಗೂ ನಗರದ ಹುಡುಗನಿಗೂ ಪ್ರಶ್ನೆ ಒಂದೇ ಆಗುತ್ತದೆ, ಹೊರಗಿನಿಂದ ಬಂದ ಪರೀಕ್ಷಕರ ಇಷ್ಟಾನಿಷ್ಟಕ್ಕೆ ಅಂಕ ಸಿಲುಕುವುದಿಲ್ಲ. ನ್ಯಾಯದ ಈ ಕಾಳಜಿ ದೊಡ್ಡದು, ಅದನ್ನು ಬಿಟ್ಟುಕೊಡಬಾರದು. ಆದರೆ ಪಟ್ಟಿ ಇಟ್ಟುಕೊಂಡೇ ಪ್ರಶ್ನೆ ಬದಲಿಸಬಹುದು. ಅದೇ ಪ್ರೋಗ್ರಾಮನ್ನು ಒಂದು ತಪ್ಪು ಕೂರಿಸಿ ಕೈಗೆ ಕೊಟ್ಟು, ಹುಡುಕಿ ಸರಿಪಡಿಸು ಎನ್ನಬಹುದು. ಲೂಪ್ ಒಂದು ಸುತ್ತು ಕಡಿಮೆ ತಿರುಗುವ ಹಾಗೆ, ಹೋಲಿಸಬೇಕಾದಲ್ಲಿ ಎರಡರ ಬದಲು ಒಂದೇ ಸಮಚಿಹ್ನೆ ಹಾಕಿದ ಹಾಗೆ, ಅರೇಯ ಮಿತಿ ಮೀರಿ ಓದುವ ಹಾಗೆ. ಎಲ್ಲರಿಗೂ ಗೊತ್ತಿರುವ ಪ್ರೋಗ್ರಾಂ ಆದ್ದರಿಂದ ಅನ್ಯಾಯವಿಲ್ಲ. ಉರು ಹೊಡೆದು ಬಂದದ್ದಷ್ಟೇ ಇದ್ದರೆ ಸಾಲದು. ತಿದ್ದುವ ಶ್ರಮವೂ ಹೆಚ್ಚಾಗುವುದಿಲ್ಲ, ತಪ್ಪು ಎಲ್ಲಿದೆ ಎಂಬುದು ಪರೀಕ್ಷಕರಿಗೆ ಮೊದಲೇ ಗೊತ್ತಿರುತ್ತದೆ.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಪಾಲಿಟೆಕ್ನಿಕ್‌ಗೆ ಬರುವವರಲ್ಲಿ ಕನ್ನಡ ಮಾಧ್ಯಮದವರು ಬಹಳ, ಕಂಪೈಲರ್ ಮಾತಾಡುವುದು ಇಂಗ್ಲಿಷ್. ಎರರ್ ಹುಡುಕಲು ಬಿಟ್ಟರೆ ಈ ಮಕ್ಕಳು ಇನ್ನಷ್ಟು ಹಿಂದೆ ಬೀಳುತ್ತಾರೆ ಎಂಬ ಆತಂಕ ಸಹಜ. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಹಿಂದೆ ಬಿದ್ದಿರುವುದು ಈಗಲೇ. ‘ಎಕ್ಸ್‌ಪೆಕ್ಟೆಡ್ ಸೆಮಿಕೋಲನ್ ಬಿಫೋರ್ ರಿಟರ್ನ್’ ಎಂದು ಪರದೆಯ ಮೇಲೆ ಬಂದಾಗ ಅದು ಬೈಗುಳವಲ್ಲ, ಮಾಹಿತಿ, ಹಿಂದಿನ ಸಾಲಿನ ಕೊನೆಯನ್ನು ನೋಡು ಎನ್ನುತ್ತಿದೆ ಎಂದು ಕನ್ನಡದಲ್ಲಿ ಕೂತು ಹೇಳಿಕೊಡದೆ ಇರುವುದರಿಂದಲೇ ಆ ಮಕ್ಕಳು ಪಕ್ಕದವರ ಪೆನ್‌ಡ್ರೈವ್‌ಗೆ ಕೈ ಚಾಚಬೇಕಾಗುತ್ತದೆ. ಮೊದಲ ವರ್ಷದಲ್ಲಿ ಪದೇ ಪದೇ ಬರುವ ಎರರ್ ಸಂದೇಶಗಳು ಬೆರಳೆಣಿಕೆಯವು. ಅವನ್ನು ಅರ್ಥಮಾಡಿಕೊಳ್ಳಲು ಇಂಗ್ಲಿಷ್ ಸಾಹಿತ್ಯ ಓದಿರಬೇಕಿಲ್ಲ, ಬಿಡಿಸಿ ಹೇಳುವ ಅಧ್ಯಾಪಕರು ಬೇಕು.

ಇದೆಲ್ಲ ಹಳೆಯ ಕಥೆ, ಸಿ-20 ಪಠ್ಯಕ್ರಮ ಬಂದ ಮೇಲೆ ಬದಲಾಗಿದೆ ಎನ್ನುವವರಿದ್ದಾರೆ. ಬದಲಾವಣೆ ಸಣ್ಣದಲ್ಲ, ಮೆಚ್ಚಬೇಕಾದ್ದು. ಪೈಥಾನ್ ಬಂತು, ಐದನೆಯ ಸೆಮಿಸ್ಟರಿನಲ್ಲಿ ಫುಲ್ ಸ್ಟ್ಯಾಕ್, ಕ್ಲೌಡ್, ಸೈಬರ್ ಸೆಕ್ಯುರಿಟಿಯಂಥ ಒಂದು ಹಾದಿಯನ್ನು ಆರಿಸಿಕೊಳ್ಳುವ ಅವಕಾಶ ಬಂತು, ಆರನೆಯದರಲ್ಲಿ ಇಂಟರ್ನ್‌ಶಿಪ್ ಬಂತು. ಆದರೂ ರಿಯಾಕ್ಟ್, ಸ್ಪ್ರಿಂಗ್ ಬೂಟ್‌ಗಳ ಸಿದ್ಧ ಉದಾಹರಣೆಯನ್ನು ಹೆಜ್ಜೆ ಹೆಜ್ಜೆಗೂ ನೋಡಿ ಟೈಪ್ ಮಾಡಿ ಸ್ಕ್ರೀನ್‌ಶಾಟ್ ಅಂಟಿಸಿದರೆ ಅದು ಫ್ಯಾಕ್ಟೋರಿಯಲ್ ಪುಟದ ದೊಡ್ಡ ರೂಪ ಅಷ್ಟೇ. ಹತ್ತಾರು ಫೈಲುಗಳಿರುವ ಪ್ರಾಜೆಕ್ಟಿನಲ್ಲಿ ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಎರರ್ ಕಾಣಿಸುತ್ತದೆ. ಮೊದಲೆರಡು ವರ್ಷದಲ್ಲಿ ಹುಡುಕಿ ಅಭ್ಯಾಸವಿಲ್ಲದವರು ಅಲ್ಲಿ ಕಂಗೆಡುವುದು ಅವರ ತಪ್ಪಲ್ಲ. ಇನ್ನು ಕೋಡನ್ನು ಎಐ ಬರೆದುಕೊಡುವಾಗ ಇಷ್ಟೆಲ್ಲ ಯಾಕೆ ಎಂಬ ಮಾತು. ಎಐ ಬರೆದದ್ದೂ ಬೇರೆಯವರ ಪ್ರೋಗ್ರಾಮೇ, ಅದನ್ನು ಓದಿ ಸರಿಯೋ ತಪ್ಪೋ ಹೇಳುವವರು ಬೇಕೇ ಬೇಕು. ರೆಕಾರ್ಡಿನಲ್ಲಿ ಬರುವಂಥ ಪ್ರೋಗ್ರಾಂಗಳನ್ನು ಅದು ಕ್ಷಣದಲ್ಲಿ ಕೊಡುತ್ತದೆ ಎಂದಾದರೆ, ಅವನ್ನು ನಕಲು ಮಾಡಿ ಬರೆಸುವುದಕ್ಕೆ ಇದ್ದ ಕೊನೆಯ ಕಾರಣವೂ ಹೋಯಿತು.

ರೆಕಾರ್ಡನ್ನು ಕಿತ್ತೊಗೆಯಬೇಕಿಲ್ಲ. ಪ್ರತಿ ಪ್ರೋಗ್ರಾಮಿನ ಎಡಪುಟದಲ್ಲಿ ಔಟ್‌ಪುಟ್ ಜೊತೆಗೆ ಬಂದ ಎರರ್, ಮೊದಲು ಅನುಮಾನಿಸಿದ್ದು, ಕೊನೆಗೆ ಸಿಕ್ಕ ಕಾರಣ, ಪ್ರೋಗ್ರಾಂ ಸೋಲುವ ಒಂದು ಇನ್‌ಪುಟ್ ಇಷ್ಟನ್ನು ಬರೆಸಿ, ಇಂಟರ್ನಲ್ ಅಂಕದಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟರೆ ಸಾಕು. ಇದಕ್ಕೆ ಹೊಸ ಲ್ಯಾಬ್ ಬೇಡ, ಹೊಸ ಸಾಫ್ಟ್‌ವೇರ್ ಬೇಡ. ಸುಳ್ಳು ಎರರ್ ಬರೆಯುವವರೂ ಇರುತ್ತಾರೆ, ಆದರೆ ವೈವಾದಲ್ಲಿ ಆ ಪುಟ ತೆರೆದು ಎರಡು ಪ್ರಶ್ನೆ ಕೇಳಿದರೆ ಅದು ನಿಲ್ಲುವುದಿಲ್ಲ. ನಿಜವಾದ ಅಡ್ಡಿ ಬೇರೆ ಇದೆ: ಪರೀಕ್ಷೆ ಹೀಗೆ ಬದಲಾದ ಮೊದಲ ಒಂದೆರಡು ವರ್ಷ ಲ್ಯಾಬ್ ಅಂಕ ಇಳಿಯುವ ಸಂಭವವಿದೆ. ಆಗ ತಾಂತ್ರಿಕ ಶಿಕ್ಷಣ ಇಲಾಖೆ ಫಲಿತಾಂಶ ಕುಸಿಯಿತೆಂದು ಕಾಲೇಜಿಗೆ ನೋಟಿಸ್ ಕೊಡದೆ, ಅಧ್ಯಾಪಕರ ಬೆನ್ನಿಗೆ ನಿಲ್ಲಬೇಕಾಗುತ್ತದೆ.